ಶಾಲೆಯಲ್ಲಿ ಮಕ್ಕಳ ಪ್ರಾರ್ಥನೆ: ಬೆಳಗಿನ ಸಭೆಯೋ, ತರಗತಿಯ ಆರಾಧನೆಯೋ, ಬಲಿಪೂಜೆಯೋ?

ಶಾಲೆ ತೆರೆಯುವ ಮುನ್ನ ಶಿಕ್ಷಕರೆಲ್ಲ ಕುಳಿತು ವಾರ್ಷಿಕ ಯೋಜನೆ ಹಾಕುವಾಗ ಪಾಠ, ಪರೀಕ್ಷೆ, ಕ್ರೀಡಾಕೂಟಗಳ ಬಗ್ಗೆ ತಾಸುಗಟ್ಟಲೆ ಚರ್ಚೆ ನಡೆಯುತ್ತದೆ. ಪ್ರಾರ್ಥನೆಯ ವಿಷಯ ಬಂದಾಗ ಮಾತ್ರ ಕಳೆದ ವರ್ಷದ ಪಟ್ಟಿಯನ್ನೇ ಮುಂದಿಟ್ಟು ಹತ್ತು ನಿಮಿಷದಲ್ಲಿ ಮುಗಿಸುತ್ತೇವೆ. ದಿನವೂ ಬೆಳಗಿನ ಸಭೆ, ತಿಂಗಳ ಮೊದಲ ಶುಕ್ರವಾರ ಬಲಿಪೂಜೆ (ಯಾಜಕರು ರೊಟ್ಟಿ, ದ್ರಾಕ್ಷಾರಸ ಅರ್ಪಿಸಿ ನಡೆಸುವ ಮಾಸ್), ಅಕ್ಟೋಬರಿನಲ್ಲಿ ಜಪಸರ (ಮಣಿ ಎಣಿಸುತ್ತ ಹೇಳುವ ಮರಿಯಮ್ಮನವರ ಪ್ರಾರ್ಥನೆ, ರೋಸರಿ), ಡಿಸೆಂಬರಿನಲ್ಲಿ ಕ್ರಿಸ್ಮಸ್ ಕಾರ್ಯಕ್ರಮ ಎಂದು ಬರೆದರೆ ಆಯಿತು. ಯಾವ ವಯಸ್ಸಿನ ಮಕ್ಕಳಿಗೆ, ಎಷ್ಟು ಮಂದಿಗೆ, ಯಾವ ಬಗೆಯ ಪ್ರಾರ್ಥನೆ ಹೊಂದುತ್ತದೆ ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಕರ್ನಾಟಕದ ಕಥೋಲಿಕ ಶಾಲೆಗಳಲ್ಲಿ ಈ ಹೊಣೆ ಹೊತ್ತಿರುವ ಶಿಕ್ಷಕರು, ಸಿಸ್ಟರುಗಳು ಮತ್ತು ಧರ್ಮೋಪದೇಶಕರು ಆ ಪ್ರಶ್ನೆಯನ್ನು ಕೇಳಿಕೊಂಡು ಆಯ್ಕೆ ಮಾಡಲು ನೆರವಾಗಲೆಂದು ಈ ಹೋಲಿಕೆಯನ್ನು ಬರೆದಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ವರ್ಷವಿಡೀ ಒಂದೇ ಒಂದು ಬಗೆಯ ಪ್ರಾರ್ಥನೆಗೆ ಶ್ರಮ ಹಾಕಲು ಸಾಧ್ಯವಿದ್ದರೆ, ಮೂವತ್ತು ನಲವತ್ತು ಮಕ್ಕಳ ಒಂದು ತರಗತಿಯೊಳಗೆ, ಮಕ್ಕಳೇ ಸಿದ್ಧಪಡಿಸಿ ನಡೆಸುವ ದೇವರ ವಾಕ್ಯದ ಚಿಕ್ಕ ಆರಾಧನೆಗೆ ಹಾಕಿ. ಬಲಿಪೂಜೆ ಅದಕ್ಕಿಂತ ಹಿರಿದು ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಆ ಹಿರಿದಾದುದಕ್ಕೆ ಮಗುವನ್ನು ಸಿದ್ಧಗೊಳಿಸುವುದು ಈ ಕಿರಿದೇ.

ಆಯ್ಕೆಗೆ ಮುಂಚೆ: ನಮ್ಮ ಮುಂದೆ ನಿಂತಿರುವವರು ಯಾರು?

ನಮ್ಮ ರಾಜ್ಯದ ಬಹುಪಾಲು ಕಥೋಲಿಕ ಶಾಲೆಗಳಲ್ಲಿ ಕ್ರೈಸ್ತ ಮಕ್ಕಳೇ ಕಡಿಮೆ. ಹಿಂದೂ, ಮುಸ್ಲಿಂ, ಜೈನ ಮನೆಗಳ ಮಕ್ಕಳು, ಕ್ರೈಸ್ತರಲ್ಲೇ ಬೇರೆ ಸಭೆಗಳವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಹೀಗಿರುವಾಗ ಸಂವಿಧಾನದ 28ನೇ ವಿಧಿಯ 3ನೇ ಖಂಡವನ್ನು ಪ್ರಾರ್ಥನೆ ಯೋಜಿಸುವ ಪ್ರತಿಯೊಬ್ಬರೂ ತಿಳಿದಿರಬೇಕು: ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ, ಆರಾಧನೆಗೆ ಹಾಜರಾಗುವಂತೆ ಒತ್ತಾಯಿಸುವಂತಿಲ್ಲ; ಮಗು ಅಪ್ರಾಪ್ತವಾದರೆ ಪೋಷಕರ ಒಪ್ಪಿಗೆ ಬೇಕು. ಅಂತರಜಾಲದಲ್ಲಿ ಸಿಗುವ ಇಂಗ್ಲೆಂಡಿನ ಸಿದ್ಧ ಪ್ರಾರ್ಥನಾ ಪತ್ರಗಳನ್ನು ಇಳಿಸಿಕೊಂಡು ಬಳಸುವವರು ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಅಲ್ಲಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ದಿನವೂ ಸಾಮೂಹಿಕ ಆರಾಧನೆ ನಡೆಯಬೇಕೆಂಬುದೇ ಕಾನೂನು, ಬೇಡವೆನ್ನುವ ಪೋಷಕರು ಮಗುವನ್ನು ಹೊರಗಿರಿಸಬಹುದು. ನಮ್ಮಲ್ಲಿ ಮೊದಲು ಒಪ್ಪಿಗೆ, ಆಮೇಲೆ ಆರಾಧನೆ.

ಇದು ಬರಿಯ ಕಾನೂನಿನ ಮಾತಲ್ಲ, ಧರ್ಮಸಭೆಯ ಮಾತೂ ಹೌದು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2024ರಲ್ಲಿ ತನ್ನ ಶಾಲೆಗಳಿಗೆ ನೀಡಿದ ಮಾರ್ಗಸೂಚಿಯಲ್ಲಿ, ಅನ್ಯಧರ್ಮದ ಮಕ್ಕಳ ಮೇಲೆ ಕ್ರೈಸ್ತ ಸಂಪ್ರದಾಯಗಳನ್ನು ಹೇರಬಾರದು, ಬೆಳಗಿನ ಸಭೆಯಲ್ಲಿ ಸಂವಿಧಾನದ ಪೀಠಿಕೆಯನ್ನು ಓದಬೇಕು, ಶಾಲೆಯಲ್ಲಿ ಎಲ್ಲ ಧರ್ಮದವರಿಗೂ ತೆರೆದ ಪ್ರಾರ್ಥನಾ ಕೋಣೆ ಇರುವುದು ಒಳ್ಳೆಯದು ಎಂದು ಹೇಳಿದೆ. ಹಾಗಾಗಿ ಪ್ರಾರ್ಥನೆಯ ಪ್ರತಿಯೊಂದು ಬಗೆಯನ್ನೂ ನಾನು ಎರಡು ಕಡೆಯಿಂದ ನೋಡುತ್ತೇನೆ: ಕಥೋಲಿಕ ಮಗು ಇದರಲ್ಲಿ ನಿಜವಾಗಿ ಪ್ರಾರ್ಥಿಸಬಲ್ಲದೇ? ಅನ್ಯಧರ್ಮದ ಮಗು ತನ್ನ ಮನಸ್ಸಿಗೆ ವಿರುದ್ಧವಾದುದನ್ನು ಹೇಳದೆಯೂ ಮಾಡದೆಯೂ ಇದರಲ್ಲಿ ಗೌರವದಿಂದ ಇರಬಲ್ಲದೇ?

ಬೆಳಗಿನ ಸಭೆ

ಇಡೀ ಶಾಲೆ ಒಂದೆಡೆ ಸೇರುವ ಏಕೈಕ ಹೊತ್ತು ಇದು, ಮತ್ತು ಇದರ ಬಲವೂ ಅಷ್ಟೇ. ನಾಡಗೀತೆ, ಪೀಠಿಕೆ, ದಿನದ ಸುದ್ದಿ, ಪ್ರಕಟಣೆ, ರಾಷ್ಟ್ರಗೀತೆಗಳ ನಡುವೆ ಪ್ರಾರ್ಥನೆಗೆ ಉಳಿಯುವುದು ಮೂರು ನಾಲ್ಕು ನಿಮಿಷ. ಆ ಹೊತ್ತಿನಲ್ಲಿ ಬೈಬಲ್ ವಾಚನ, ವಿವರಣೆ, ಹಾಡು, ಐದು ಬೇಡಿಕೆ ಎಲ್ಲವನ್ನೂ ತುರುಕಿದರೆ ಬಿಸಿಲಿನಲ್ಲಿ ನಿಂತ ಮಕ್ಕಳ ಕಿವಿಗೆ ಏನೂ ಬೀಳುವುದಿಲ್ಲ. ಎಲ್ಲರೂ ಹೇಳಬಹುದಾದ ಒಂದು ಕೃತಜ್ಞತೆಯ ಮಾತು, ಕಾಯಿಲೆ ಬಿದ್ದಿರುವ ಸಹಪಾಠಿಗೋ ಮಳೆಗೆ ಮನೆ ಕಳೆದುಕೊಂಡವರಿಗೋ ಒಂದು ಬೇಡಿಕೆ, ಎಣಿಸಿ ಮೂವತ್ತು ಸೆಕೆಂಡಿನ ಮೌನ, ಇಷ್ಟು ಸಾಕು. ಮೌನದಲ್ಲಿ ಪ್ರತಿ ಮಗುವೂ ತನ್ನ ಮನೆಯ ದೇವರನ್ನು ನೆನೆಯಬಹುದು. ಶಿಲುಬೆಯ ಗುರುತು ಹಾಕುವವರು ಹಾಕಲಿ, ಹಾಕದವರು ಕೈಕಟ್ಟಿ ನಿಲ್ಲಲಿ. 1986ರಲ್ಲಿ ಬಿಜೋ ಇಮ್ಯಾನುಯಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಗೆ ದನಿಗೂಡಿಸದೆ ಗೌರವದಿಂದ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಹಾಕಿದ್ದು ತಪ್ಪೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆ ತೀರ್ಪು ಪ್ರಾರ್ಥನೆಯ ಕುರಿತಾದದ್ದಲ್ಲ; ಆದರೂ ತುಟಿ ಅಲುಗಿಸದ ಮಗುವನ್ನು ಗದರಿಸಲು ಹೊರಟ ಪ್ರತಿಯೊಬ್ಬ ಶಿಕ್ಷಕರೂ ಅದನ್ನು ನೆನೆಯುವುದು ಒಳ್ಳೆಯದು.

ತರಗತಿಯೊಳಗಿನ ವಾಕ್ಯಾರಾಧನೆ

ನೀತಿಪಾಠದ ಅಥವಾ ಧರ್ಮೋಪದೇಶದ ಹೊತ್ತಿನಲ್ಲಿ, ವಾರಕ್ಕೊಮ್ಮೆ, ಹದಿನೈದರಿಂದ ಇಪ್ಪತ್ತು ನಿಮಿಷ. ಇದಕ್ಕೆ ಯಾಜಕರು ಬೇಕಿಲ್ಲ, ಧ್ವನಿವರ್ಧಕ ಬೇಕಿಲ್ಲ. ನಾಲ್ಕು ಹೆಜ್ಜೆಗಳಿವೆ: ಕೂಡುವುದು, ಕೇಳುವುದು, ಕೇಳಿದ್ದಕ್ಕೆ ಸ್ಪಂದಿಸುವುದು, ಏನನ್ನಾದರೂ ಕೈಗೆತ್ತಿಕೊಂಡು ಹೊರಡುವುದು. ಬಲಿಪೂಜೆಯ ಹಂದರವೂ ಸ್ಥೂಲವಾಗಿ ಇದೇ ಆದ್ದರಿಂದ, ಇಲ್ಲಿ ಪಳಗಿದ ಮಗುವಿಗೆ ಅಲ್ಲಿ ಏನು ನಡೆಯುತ್ತಿದೆ ಎಂದು ಪ್ರತ್ಯೇಕವಾಗಿ ಬೋಧಿಸಬೇಕಾಗುವುದಿಲ್ಲ.

ಒಂದು ನಾಲ್ಕನೇ ತರಗತಿಯ ಉದಾಹರಣೆ ಕೊಡುತ್ತೇನೆ. ಐದು ಮಕ್ಕಳ ಗುಂಪಿಗೆ ಸೋಮವಾರವೇ ಬೈಬಲಿನಲ್ಲಿ ಯೇಸುವಿನ ಜೀವನ ಹೇಳುವ ಲೂಕನ ಶುಭಸಂದೇಶದ 15ನೇ ಅಧ್ಯಾಯದ ಮೂರು ವಚನಗಳನ್ನು ಕೊಟ್ಟಿದ್ದೆ: ಹತ್ತು ನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಸಿಗುವತನಕ ಹುಡುಕುವ ಕಥೆ. ಮೇಜಿನ ಮೇಲೆ ಏನಿಡಬೇಕೆಂದು ನಾನು ಹೇಳಲಿಲ್ಲ. ಶುಕ್ರವಾರ ಅವರು ತಂದದ್ದು ಒಂದು ಎಣ್ಣೆಯ ದೀಪ, ಮನೆಯ ಹಿಡಿಪೊರಕೆ ಮತ್ತು ಒಂಬತ್ತು ರೂಪಾಯಿ ನಾಣ್ಯಗಳು. ಪ್ರಾರ್ಥನೆಯ ಮೇಜಿನ ಮೇಲೆ ಪೊರಕೆಯೇ ಎಂದು ಒಂದು ಗಳಿಗೆ ಅಳುಕಿದೆ. ಸದ್ಯ, ಬಾಯಿ ಬಿಡಲಿಲ್ಲ. ವಾಚನ ಮುಗಿದ ಮೇಲೆ ಒಬ್ಬ ಹುಡುಗ, "ಟೀಚರ್, ಸಿಕ್ಕಿದ ಮೇಲೆ ಅಕ್ಕಪಕ್ಕದವರನ್ನೆಲ್ಲ ಯಾಕೆ ಕರೀಬೇಕಿತ್ತು, ನಾಣ್ಯ ಅವಳದೇ ಅಲ್ವಾ?" ಎಂದು ಕೇಳಿದ. ನಾನು ಉತ್ತರಿಸುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, "ನಮ್ಮ ಕರು ತಪ್ಪಿಸಿಕೊಂಡು ಸಿಕ್ಕಿದಾಗ ನಮ್ಮಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ರು, ಅವರೂ ಹುಡುಕಿದ್ರಲ್ಲ" ಎಂದಳು. ಆಮೇಲೆ ಮಕ್ಕಳು ಒಬ್ಬೊಬ್ಬರಾಗಿ ಬಂದು, ತಾವು ಮಾತು ಬಿಟ್ಟಿದ್ದ ಯಾರದಾದರೂ ಹೆಸರನ್ನು ಮನಸ್ಸಿನಲ್ಲೇ ಹೇಳಿಕೊಂಡು ದೀಪದ ಮುಂದೆ ಕೈಮುಗಿದು ಹೋದರು. ಕೊನೆಗೆ ಗುಂಪಿನ ನಾಯಕಿ ಹತ್ತನೆಯ ನಾಣ್ಯವನ್ನು ತನ್ನ ಅಂಗೈಯಿಂದ ತೆಗೆದು ಮೇಜಿನ ಮೇಲಿಟ್ಟಳು. ಇದನ್ನು ನಾನು ಯೋಜಿಸಿರಲಿಲ್ಲ, ಯೋಜಿಸಿದ್ದರೂ ನನಗೆ ಹೊಳೆಯುತ್ತಿರಲಿಲ್ಲ. ಆ ಕರುವಿನ ಹುಡುಗಿ ಕ್ರೈಸ್ತಳಲ್ಲ, ಪೋಷಕರ ಒಪ್ಪಿಗೆಯಿಂದ ಕುಳಿತವಳು. ಅಂದು ಶುಭಸಂದೇಶವನ್ನು ನಮಗೆ ಬಿಡಿಸಿ ಹೇಳಿದವಳು ಅವಳೇ.

ಇದರ ಕೊರತೆಯೂ ಇದೆ. ಶಿಕ್ಷಕರಿಗೆ ಆಸಕ್ತಿಯಿಲ್ಲದ ತರಗತಿಯಲ್ಲಿ ಇದು ಎರಡೇ ವಾರದಲ್ಲಿ ಸತ್ತುಹೋಗುತ್ತದೆ, ಇಲ್ಲವೇ ಬೋರ್ಡಿನ ಮೇಲೆ ಪ್ರಶ್ನೋತ್ತರ ಬರೆಸುವ ಇನ್ನೊಂದು ಪಾಠವಾಗುತ್ತದೆ. ಆದ್ದರಿಂದ ಹತ್ತು ತರಗತಿಗಳಲ್ಲೂ ಒಮ್ಮೆಗೇ ಆರಂಭಿಸುವುದಕ್ಕಿಂತ, ಮನಸ್ಸಿರುವ ಇಬ್ಬರು ಶಿಕ್ಷಕರ ತರಗತಿಗಳಲ್ಲಿ ಆರಂಭಿಸಿ, ಉಳಿದವರನ್ನು ಅಲ್ಲಿಗೆ ಕರೆದು ತೋರಿಸುವುದು ಮೇಲು.

ಬಲಿಪೂಜೆ: ಕಡಿಮೆ ಬಾರಿ, ಕಡಿಮೆ ಮಂದಿ, ಹೆಚ್ಚು ಸಿದ್ಧತೆ

ಹಲವು ವರ್ಷಗಳ ಹಿಂದೆ ಒಂದು ಶಾಲೆಯಲ್ಲಿ ಎಂಟುನೂರಕ್ಕೂ ಹೆಚ್ಚು ಮಕ್ಕಳನ್ನು ತಗಡಿನ ಚಾವಣಿಯ ಸಭಾಂಗಣದಲ್ಲಿ ಕೂರಿಸಿ ವರ್ಷಾರಂಭದ ಬಲಿಪೂಜೆ ನಡೆಸಿದೆವು. ಮಳೆಯ ಸದ್ದಿಗೆ ವಾಚನ ಕೇಳಲಿಲ್ಲ, ಗುರುಗಳ ಪ್ರಬೋಧನೆ (ವಾಚನದ ವಿವರಣೆ) ಇಪ್ಪತ್ತೈದು ನಿಮಿಷ ನಡೆಯಿತು, ಶಿಕ್ಷಕರು ಬೆತ್ತ ಹಿಡಿದು ಸಾಲುಗಳ ನಡುವೆ ಓಡಾಡಿದರು, ಇಬ್ಬರು ಮಕ್ಕಳು ತಲೆಸುತ್ತಿ ಬಿದ್ದರು. ಬೆತ್ತ ಹಿಡಿದು ಓಡಾಡಿದವರಲ್ಲಿ ನಾನೂ ಒಬ್ಬಳು. ಪರಮಪ್ರಸಾದ (ಬಲಿಪೂಜೆಯಲ್ಲಿ ಅರ್ಪಿಸಿದ ರೊಟ್ಟಿ) ಸ್ವೀಕರಿಸಲು ಎದ್ದವರು ಅರವತ್ತು ಮಂದಿಯೂ ಇರಲಿಲ್ಲ. ಉಳಿದವರು ಒಂದೂವರೆ ತಾಸು ಇತರರ ಆರಾಧನೆಯನ್ನು ನೋಡುತ್ತ ಕುಳಿತಿದ್ದರು. ಈ ನೆನಪು ಇಂದಿಗೂ ನನ್ನನ್ನು ಬಾಧಿಸುತ್ತದೆ.

ಹೀಗಾಗಬೇಕಿರಲಿಲ್ಲ, ಏಕೆಂದರೆ ಮಾರ್ಗದರ್ಶನ ಆಗಲೇ ಇತ್ತು. ಮಕ್ಕಳೊಂದಿಗಿನ ಬಲಿಪೂಜೆಗಳ ಕುರಿತು ರೋಮ್ (ವ್ಯಾಟಿಕನ್) 1973ರ ನವೆಂಬರ್ 1ರಂದೇ ಒಂದು ಮಾರ್ಗಸೂಚಿ ಹೊರಡಿಸಿದೆ, ಮತ್ತು ಅದು ಎಷ್ಟು ವ್ಯಾವಹಾರಿಕವಾಗಿದೆ ಎಂಬುದು ಓದಿದವರಿಗೇ ಗೊತ್ತು. ವಾರದ ದಿನಗಳಲ್ಲಿ ಮಕ್ಕಳಿಗಾಗಿ ನಡೆಸುವ ಬಲಿಪೂಜೆ ಪ್ರತಿದಿನವೂ ಇರದಿದ್ದರೆ ಬೇಸರವಾಗದೆ ಹೆಚ್ಚು ಫಲ ಕೊಡುತ್ತದೆ ಎಂದು, ವಸತಿಶಾಲೆಗಳನ್ನು ಉದಾಹರಿಸಿಯೇ ಅದು ಹೇಳುತ್ತದೆ. ಮಕ್ಕಳ ಸಂಖ್ಯೆ ಗಮನವಿಟ್ಟು ಭಾಗವಹಿಸಲಾಗದಷ್ಟು ದೊಡ್ಡದಾದರೆ ಅವರನ್ನು ಗುಂಪುಗಳಾಗಿ ವಿಂಗಡಿಸಿ, ಬೇರೆ ಬೇರೆ ದಿನ ಕರೆಯಬೇಕು ಎನ್ನುತ್ತದೆ. ವಾಚನಗಳನ್ನು ಎರಡಕ್ಕೆ, ಅಗತ್ಯವಾದರೆ ಒಂದಕ್ಕೆ ಇಳಿಸಬಹುದು, ಶುಭಸಂದೇಶವನ್ನು ಮಾತ್ರ ಎಂದೂ ಬಿಡುವಂತಿಲ್ಲ. ಪ್ರಬೋಧನೆ ಮಕ್ಕಳೊಡನೆ ಸಂಭಾಷಣೆಯಾಗಬಹುದು. ಯಾಜಕರಿಗೆ ಮಕ್ಕಳ ಮಟ್ಟಕ್ಕೆ ಇಳಿಯುವುದು ಕಷ್ಟವೆನಿಸಿದರೆ, ಧರ್ಮಕೇಂದ್ರದ ಗುರುಗಳ ಒಪ್ಪಿಗೆಯಿಂದ, ಶುಭಸಂದೇಶದ ನಂತರ ಹಿರಿಯರೊಬ್ಬರು ಮಾತನಾಡಬಹುದು. ಆದರೆ ಸಭೆಯ ಪ್ರತ್ಯುತ್ತರಗಳು, ಪ್ರಭು ಕಲಿಸಿದ ಪ್ರಾರ್ಥನೆ, ಕೊನೆಯ ಆಶೀರ್ವಾದದ ತ್ರಿತ್ವದ ಮಾತುಗಳನ್ನು ಬದಲಿಸುವಂತಿಲ್ಲ. ಮರುವರ್ಷ, ಬಲಿಪೂಜೆಯ ಕೇಂದ್ರಭಾಗದಲ್ಲಿ ಯಾಜಕರು ಹೇಳುವ ಸ್ತುತಿಪ್ರಾರ್ಥನೆಯನ್ನು ಮಕ್ಕಳಿಗಾಗಿಯೇ ಸರಳಗೊಳಿಸಿದ ಮೂರು ರೂಪಗಳೂ ಬಂದವು. ಅವುಗಳಲ್ಲಿ ಮಕ್ಕಳು ನಡುನಡುವೆ ದನಿಗೂಡಿಸುವ ಘೋಷಗಳು ಹೆಚ್ಚು.

ನಮ್ಮ ನೆಲಕ್ಕೆ ಸೇರಿದ ಇನ್ನೊಂದು ಸಂಗತಿಯಿದೆ. 1969ರಲ್ಲಿ ರೋಮ್ ಭಾರತಕ್ಕಾಗಿ ಹನ್ನೆರಡು ಅಳವಡಿಕೆಗಳನ್ನು ಒಪ್ಪಿತು: ಪಾದರಕ್ಷೆ ಕಳಚಿ ನೆಲದ ಮೇಲೆ ಕೂರುವುದು, ಮೊಣಕಾಲೂರುವ ಬದಲು ಕೈಮುಗಿದು ತಲೆಬಾಗುವುದು, ಪಂಚಾಂಗ ಪ್ರಣಾಮ, ಮೇಣದಬತ್ತಿಯ ಬದಲು ಎಣ್ಣೆಯ ದೀಪ, ಹೂವು ಧೂಪ ದೀಪಗಳ ಆರತಿ ಮುಂತಾದವು. ಈ ಕೆಲಸಕ್ಕೆ ಮುಂದೆ ನಿಂತವರಲ್ಲಿ ಪ್ರಮುಖರು ಬೆಂಗಳೂರಿನ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವನ್ನು ಕಟ್ಟಿದ ಗುರು ಡಿ. ಎಸ್. ಅಮಲೋರ್ಪವದಾಸ್. ಹಿರಿಯರಲ್ಲಿ ಈ ಅಳವಡಿಕೆಗಳ ಬಗ್ಗೆ ಭಿನ್ನಾಭಿಪ್ರಾಯ ಇದ್ದುದು ನಿಜ. ಮಕ್ಕಳ ಮಟ್ಟಿಗೆ ನಾನು ಕಂಡದ್ದೆಂದರೆ, ಬೆಂಚಿನ ಮೇಲೆ ಐದು ನಿಮಿಷ ನಿಲ್ಲದ ಮಗು ಚಾಪೆಯ ಮೇಲೆ ಅರ್ಧ ಗಂಟೆ ನೆಮ್ಮದಿಯಾಗಿ ಕೂರುತ್ತದೆ. ಯಾವುದನ್ನು ಅನುಸರಿಸಬೇಕೆಂಬುದನ್ನು ಆಯಾ ಧರ್ಮಪ್ರಾಂತ್ಯದ ರೂಢಿ ತಿಳಿದು, ಗುರುಗಳೊಡನೆ ಮಾತಾಡಿಯೇ ನಿರ್ಧರಿಸಬೇಕು.

ಹಾಗಾದರೆ ಬಲಿಪೂಜೆಯನ್ನು ಆರಿಸುವುದು ಯಾವಾಗ? ಕಥೋಲಿಕ ಮಕ್ಕಳ ಗುಂಪಿಗೆ, ಪ್ರಥಮ ಪರಮಪ್ರಸಾದ ಪಡೆದವರನ್ನು ಕೇಂದ್ರದಲ್ಲಿಟ್ಟು, ತಿಂಗಳಿಗೊಂದು ಬಾರಿ ಅಥವಾ ಅವಧಿಗೊಂದು ಬಾರಿ. ಹಿಂದಿನ ವಾರ ಮಕ್ಕಳು ವಾಚನವನ್ನು ಓದಿ, ವಿಶ್ವಾಸಿಗಳ ಪ್ರಾರ್ಥನೆಯನ್ನು ತಾವೇ ಬರೆದು, ಹಾಡುಗಳನ್ನು ಕಲಿತಿದ್ದರೆ. ಆ ಹೊತ್ತಿನಲ್ಲಿ ಉಳಿದ ಮಕ್ಕಳಿಗೆ ಕಥೆ ಓದುವ, ಚಿತ್ರ ಬರೆಯುವ ಮತ್ತೊಂದು ಒಳ್ಳೆಯ ಕೆಲಸವಿರಬೇಕು. ಅವರನ್ನು ಖಾಲಿ ಕೋಣೆಯಲ್ಲಿ ಕೂರಿಸಿ ಕಾಪಿ ಬರೆಸಿದರೆ ಅದು ಶಿಕ್ಷೆಯಂತೆಯೇ ಕಾಣುತ್ತದೆ.

ಜಪಸರ, ಶಿಲುಬೆ ಹಾದಿ ಮತ್ತು ಶಾಲಾ ಪಂಚಾಂಗ

ಭಕ್ತಿಯ ಈ ಆಚರಣೆಗಳನ್ನು ಆರಿಸುವಾಗ ಎದುರಾಗುವ ಮೊದಲ ತೊಡಕು ಪಂಚಾಂಗದ್ದು. ಜಪಸರದ ತಿಂಗಳಾದ ಅಕ್ಟೋಬರಿನಲ್ಲಿ ದಸರಾ ರಜೆ ಬರುತ್ತದೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲ ವಾರ್ಷಿಕ ಪರೀಕ್ಷೆಗಳೊಡನೆ ತಳುಕು ಹಾಕಿಕೊಳ್ಳುತ್ತದೆ. ಈಸ್ಟರಿನಿಂದ ಆರಂಭವಾಗುವ ಪುನರುತ್ಥಾನ ಕಾಲದ ಬಹುಭಾಗ ಬೇಸಿಗೆ ರಜೆಯಲ್ಲೇ ಕಳೆಯುತ್ತದೆ. ಶಾಲೆಗೆ ಹೆಚ್ಚುಕಡಿಮೆ ಪೂರ್ತಿಯಾಗಿ ಸಿಗುವುದು ಕ್ರಿಸ್ಮಸ್ಸಿಗೆ ಮುಂಚಿನ ಆಗಮನಕಾಲವೊಂದೇ. ಅದರ ನಾಲ್ಕು ವಾರಗಳನ್ನು ಕ್ರಿಸ್ಮಸ್ ಕಾರ್ಯಕ್ರಮದ ನೃತ್ಯಾಭ್ಯಾಸವೇ ನುಂಗಿಬಿಡುತ್ತದೆ, ಮತ್ತು ಇದು ನನಗೆ ಬಹಳ ನೋವು ತರುವ ಸಂಗತಿ. ದಿನಕ್ಕೆ ಐದು ನಿಮಿಷ ದೀಪ ಹಚ್ಚಿ ಕಾಯುವುದನ್ನು ಕಲಿಸಲು ಇಂಥ ಕಾಲ ವರ್ಷದಲ್ಲಿ ಬೇರೊಂದಿಲ್ಲ.

ಜಪಸರವನ್ನು ಚಿಕ್ಕ ಮಕ್ಕಳಿಗೆ ಐದೂ ಭಾಗ ಹೇಳಿಸುವ ಬದಲು ಒಂದು ರಹಸ್ಯ (ಧ್ಯಾನಿಸಬೇಕಾದ ಯೇಸು, ಮರಿಯರ ಜೀವನದ ಒಂದು ಘಟನೆ), ಹತ್ತು ನಮೋ ಮರಿಯಾ, ಅದಕ್ಕೊಂದು ಚಿತ್ರ ಎಂದು ಇಟ್ಟುಕೊಳ್ಳಬಹುದು. ಯೇಸು ಶಿಲುಬೆ ಹೊತ್ತು ನಡೆದುದನ್ನು ಧ್ಯಾನಿಸುವ ಶಿಲುಬೆ ಹಾದಿಯ 14 ಸ್ಥಳಗಳನ್ನು ಒಂದೇ ದಿನ ನಡೆಯುವ ಬದಲು, ಪ್ರೌಢಶಾಲೆಯ ಪ್ರತಿ ಗುಂಪಿಗೂ ಒಂದೊಂದು ಸ್ಥಳ ಹಂಚಿ, ಅದನ್ನು ಅವರೇ ಚಿತ್ರಿಸಿ ಪ್ರಾರ್ಥನೆ ಬರೆಯುವಂತೆ ಮಾಡಿದರೆ ಎಂಟು ಒಂಬತ್ತನೇ ತರಗತಿಯವರು ಅಚ್ಚರಿಯಾಗುವಷ್ಟು ಗಂಭೀರರಾಗುತ್ತಾರೆ. ಕರಾವಳಿಯ ಶಾಲೆಗಳಿಗೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ (ಮರಿಯಮ್ಮನವರ ಹುಟ್ಟುಹಬ್ಬ) ಒಂದು ವರವೇ ಸರಿ. ಅದಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮರಿಯಮ್ಮನವರಿಗೆ ಅರ್ಪಿಸುತ್ತಾರೆ, ಹಬ್ಬದ ದಿನ ಹೊಸ ತೆನೆಯ ಆಶೀರ್ವಾದವಾಗುತ್ತದೆ. ಹೊಸ ಅಕ್ಕಿಯ ಊಟ ಎಲ್ಲ ಧರ್ಮದ ಕೃಷಿಕರ ಮನೆಗೂ ಪರಿಚಿತವಾದ್ದರಿಂದ, ತೆನೆಗಾಗಿ ಕೃತಜ್ಞತೆ ಸಲ್ಲಿಸುವ ಆ ಭಾಗವನ್ನು ಇಡೀ ಶಾಲೆ ಒಟ್ಟಾಗಿ ಮಾಡಬಹುದು.

ದಿನದ ಕೊನೆಯ ಮೌನಕ್ಕೂ ಒಂದು ಮಾತು ಸಲ್ಲಬೇಕು. ಯೇಸುಸಭೆಯನ್ನು ಕಟ್ಟಿದ ಸಂತ ಇಗ್ನೇಷಿಯಸರ ಪರಂಪರೆಯ ಶಾಲೆಗಳಲ್ಲಿ ರೂಢಿಯಲ್ಲಿರುವ ಆತ್ಮಾವಲೋಕನವನ್ನು ಮೂರು ನಿಮಿಷಕ್ಕೆ ಇಳಿಸಬಹುದು: ಇಂದು ಯಾವುದಕ್ಕೆ ಕೃತಜ್ಞತೆ, ಎಲ್ಲಿ ತಪ್ಪಿದೆ, ನಾಳೆಗೆ ಏನು ಬೇಕು. ಬೇರೆ ಯಾವುದಕ್ಕೂ ಬಿಡುವಿಲ್ಲದ ಹತ್ತನೇ ತರಗತಿಗೆ ನಾನು ಆರಿಸುವುದು ಇದನ್ನೇ. ಯಾರ ನಂಬಿಕೆಗೂ ಇದರಿಂದ ತೊಡಕಿಲ್ಲ.

ನಡೆಸುವವರು ಯಾರು, ಯಾವ ಭಾಷೆಯಲ್ಲಿ?

"ಮಕ್ಕಳೇ ನಡೆಸಿಕೊಟ್ಟರು" ಎಂದು ವರದಿಯಲ್ಲಿ ಬರೆಯುವಾಗ ಹೆಚ್ಚಿನ ಸಲ ನಡೆದಿರುವುದು, ಶಿಕ್ಷಕರು ಬರೆದ ಚೀಟಿಯನ್ನು ಮಗು ಓದಿದ್ದು. ಶಿಕ್ಷಕರೇ ನಡೆಸುವುದು ಒಂದನೆಯದು, ಮಗು ಚೀಟಿ ಓದುವುದು ಎರಡನೆಯದು, ಮಕ್ಕಳು ತಾವೇ ಆಯ್ದು ಸಿದ್ಧಪಡಿಸುವುದು ಮೂರನೆಯದು. ಈ ಮೂರರಲ್ಲಿ ನಡುವಿನದು ಅತ್ಯಂತ ದುರ್ಬಲ: ಓದುವ ಮಗು ತಪ್ಪಾಗದಂತೆ ಓದುವುದರಲ್ಲೇ ಮುಳುಗಿರುತ್ತದೆ, ಕೇಳುವವರಿಗೆ ಅದು ದೊಡ್ಡವರ ಭಾಷೆಯಾಗಿಯೇ ಉಳಿಯುತ್ತದೆ. ಒಂದರಿಂದ ಮೂರನೇ ತರಗತಿಯವರೆಗೆ ಶಿಕ್ಷಕರೇ ನಡೆಸಲಿ, ಮಕ್ಕಳು ಹೂವಿಡಲಿ, ದೀಪದ ಬಳಿ ನಿಲ್ಲಲಿ, ಒಂದು ವಾಕ್ಯದ ಬೇಡಿಕೆ ಹೇಳಲಿ. ನಾಲ್ಕರಿಂದ ಮೇಲೆ ಗುಂಪುಗಳಿಗೆ ಸರದಿ ಕೊಡಿ. ಆದರೆ ಬೈಬಲ್ ಭಾಗವನ್ನು ಶಿಕ್ಷಕರು ಆರಿಸಿ ಕೊಡುವುದೇ ಕ್ಷೇಮ, ಇಲ್ಲವಾದರೆ ವರ್ಷವಿಡೀ ಕಳೆದುಹೋದ ಕುರಿಯ ಕಥೆಯೇ ಬರುತ್ತದೆ.

ಭಾಷೆಯ ಆಯ್ಕೆ ನಮ್ಮಲ್ಲಿ ಸುಲಭವಲ್ಲ. ಮನೆಯಲ್ಲಿ ಕೊಂಕಣಿ, ತಮಿಳು ಅಥವಾ ತುಳು, ಬೀದಿಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷು. ಎಲ್ಲರೂ ಒಟ್ಟಾಗಿ ಹೇಳುವ ಪ್ರಾರ್ಥನೆಗೆ ಶಾಲೆಯ ಭಾಷೆ ಇರಲಿ. ಸ್ವಂತ ಬೇಡಿಕೆಗೆ ಮಾತ್ರ ಮನೆಯ ಭಾಷೆಗೆ ಅವಕಾಶ ಕೊಡಿ. ಅಜ್ಜಿಯ ಕಾಯಿಲೆಗಾಗಿ ಪ್ರಾರ್ಥಿಸಲು ಎದ್ದು ನಿಂತ ಆರನೇ ತರಗತಿಯ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ಎರಡು ಪದ ಹೇಳಿ ನಿಂತುಬಿಟ್ಟಳು. "ಕೊಂಕಣಿಯಲ್ಲಿ ಹೇಳಲಾ ಸಿಸ್ಟರ್?" ಎಂದು ಕೇಳಿ ಒಪ್ಪಿಗೆ ಪಡೆದ ಮೇಲೆ ಅವಳು ನಿಲ್ಲಿಸದೆ ಒಂದು ನಿಮಿಷ ಪ್ರಾರ್ಥಿಸಿದಳು, ಕೊಂಕಣಿ ಬಾರದ ಮಕ್ಕಳೂ ಅಲ್ಲಾಡದೆ ಕೇಳಿದರು. ಹಾಡಿನ ವಿಷಯದಲ್ಲೂ ಅಷ್ಟೇ: ಪರದೆಯ ಮೇಲೆ ಓಡುವ ಧ್ವನಿಮುದ್ರಿಕೆಗಿಂತ, ಶ್ರುತಿ ತುಸು ತಪ್ಪಿದರೂ ಮಕ್ಕಳ ಬಾಯಿಂದಲೇ ಬರುವ ನಾಲ್ಕು ಸಾಲು ಮೇಲು.

ಬರುವ ವಾರವೇ ಆರಂಭಿಸುವುದಾದರೆ ಬೇಕಾಗುವುದು ಇಷ್ಟು: ಪೋಷಕರಿಗೆ, ಒಪ್ಪಿಗೆ ಕೇಳುವ, ಒಪ್ಪದಿದ್ದರೂ ಮಗುವಿಗೆ ಏನೂ ಕಡಿಮೆಯಾಗದೆಂದು ತಿಳಿಸುವ ಒಂದು ಸರಳ ಪತ್ರ, ತರಗತಿಯ ಮೂಲೆಯಲ್ಲೊಂದು ಚಿಕ್ಕ ಮೇಜು, ಆರಾಧನಾ ಕಾಲಕ್ಕೆ ತಕ್ಕ ಹಸಿರು, ನೇರಳೆ, ಬಿಳಿ, ಕೆಂಪು ಬಟ್ಟೆಯ ನಾಲ್ಕು ತುಂಡು, ಪವಿತ್ರ ಬೈಬಲ್, ಅಗಲ ತಳದ, ಉರುಳದ ಒಂದು ದೀಪ. ದೀಪವನ್ನು ಹಚ್ಚುವುದು ಶಿಕ್ಷಕರೇ, ಬೆಂಕಿಪೊಟ್ಟಣ ಇರುವುದೂ ಅವರ ಬಳಿಯೇ. ಸೋಮವಾರ ಗುಂಪಿಗೆ ವಚನ ಕೊಡಿ, ಬುಧವಾರ ಮಧ್ಯಾಹ್ನದ ಊಟದ ಬಿಡುವಿನಲ್ಲಿ ಹತ್ತು ನಿಮಿಷ ಅವರೊಡನೆ ಕುಳಿತು ಏನು ಯೋಚಿಸಿದ್ದೀರಿ ಎಂದು ಕೇಳಿ, ತಿದ್ದುವ ಆಸೆಯನ್ನು ಸಾಧ್ಯವಾದಷ್ಟು ತಡೆದುಕೊಳ್ಳಿ. ಶುಕ್ರವಾರ ಮಕ್ಕಳ ನಡುವೆ ನೆಲದ ಮೇಲೆ ನೀವೂ ಕುಳಿತುಕೊಳ್ಳಿ, ಮತ್ತು ಮುಗಿದ ಕೂಡಲೇ ಮುಂದಿನ ವಾರದ ಐವರ ಹೆಸರನ್ನು ಹೇಳಿ ಆ ಬಟ್ಟೆಯ ಗಂಟನ್ನು ಅವರ ಕೈಗೆ ಕೊಡಿ.